ಹಳೆಯದು ಕೊಳ್ಳುವ ಮುನ್ನ

ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ದುಡಿಮೆಗೆಂದು ಬೆಂಗಳೂರಿಗೆ ಹೊರಡುವ ಕುಟುಂಬಗಳು ಬಹಳ. ಊರು ಬಿಡುವವರ ಮಂಚ, ಹೊಲಿಗೆ ಯಂತ್ರ, ಪಾತ್ರೆಗಳು ಕಡಿಮೆ ಬೆಲೆಗೆ ನೆರೆಮನೆ ಸೇರುತ್ತವೆ. ಹಳೆಯದು ಕೊಳ್ಳಲು ಸಂಕೋಚ ಬೇಡ ಸಹೋದರಿಯರೇ, ನೋಡಿ ಕೊಳ್ಳಿ.

ಹೊಲಿಗೆ ಯಂತ್ರವಾದರೆ ಚಿಂದಿ ಬಟ್ಟೆ ಒಯ್ದು ಅಲ್ಲೇ ಹೊಲಿದು ನೋಡಿ. ಮಂಚದ ಸಂದಿಗಳಲ್ಲಿ ತಿಗಣೆ, ಗೆದ್ದಲು ಇವೆಯೇ ಪರೀಕ್ಷಿಸಿ. ಕುಕ್ಕರ್‌ಗೆ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಹೊಸದಾಗಿ ಹಾಕಿಸಿ. ಮೊಬೈಲ್‌ನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಕಳವಾಗಿ ತಡೆಹಿಡಿದ ಫೋನಾದರೆ ತಿಳಿಯುತ್ತದೆ. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಅಪರಾಧ.

ಮಾರುವವರಿಗೂ ಹೊಣೆಯಿದೆ. ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ತೇವ ತಗುಲಿದ್ದಕ್ಕೆ, ಜನರಿಗೆ ಕಾಣುವಂತೆ ಒದ್ದೆಯಾದುದನ್ನು ಮೇಲೇಕೆ ಇಡಲಿಲ್ಲವೆಂದು ಪ್ರವಾದಿ(ಸ)ಯವರು ವ್ಯಾಪಾರಿಯನ್ನು ಪ್ರಶ್ನಿಸಿದ್ದರು. ನಾವೂ ಯಂತ್ರ ಮಾರುವಾಗ, "ದಪ್ಪ ಬಟ್ಟೆಗೆ ದಾರ ತುಂಡಾಗ್ತದೆ ನೋಡ್ರಿ" ಎಂದು ಮೊದಲೇ ಹೇಳಿಬಿಡೋಣ. ನೂರಿನ್ನೂರು ರೂಪಾಯಿ ಕಡಿಮೆ ಸಿಕ್ಕೀತು. ಆದರೆ ಹೊಲಿಗೆಯಿಂದಲೇ ಮನೆ ನಡೆಸುವ ಆ ತಾಯಿಗೆ ಮೋಸವಾಗದು.