ನೆರಳಿನ ಕೆಲಸದ ಬಳಲಿಕೆ

ದಿನವಿಡೀ ಕತ್ತು ಬಾಗಿಸಿ ಪರರ ಹಲ್ಲಿನ ಪಾಚಿ ತೆಗೆದು ಬಂದ ಮಗಳು ಸಂಜೆ ಮೌನವಾಗಿ ಕುಳಿತರೆ, ‘ನೆರಳಿನ ಕೆಲಸ, ದಣಿವೆಲ್ಲಿಯದು?’ ಎನ್ನುತ್ತೇವೆ. ಡೆಂಟಲ್ ಹೈಜಿನಿಸ್ಟರ ವೃತ್ತಿಗೆ ನಮ್ಮ ದೇಶದ ಕಾನೂನು 1948ರಲ್ಲೇ ಸ್ಥಾನ ನೀಡಿತ್ತು. ಮನೆಯವರು ಮಾತ್ರ ಇನ್ನೂ ಅರಿತಿಲ್ಲ. ಒಬ್ಬ ರೋಗಿ ಎದ್ದು ಮತ್ತೊಬ್ಬರು ಕೂರುವ ನಡುವೆ ಉಪಕರಣ ಶುದ್ಧೀಕರಿಸಲೂ ಬಿಡುವು ಕೊಡದ ಕಡೆ, ಕಲಿತ ವಿದ್ಯೆಗೆ ವಿರುದ್ಧವಾಗಿ ಕೈ ಅವಸರಿಸಬೇಕಾದಾಗ, ಬಳಲುವುದು ಬೆನ್ನು ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇಂಥ ಬಳಲಿಕೆಯನ್ನು ರೋಗವೆನ್ನದೆ, ಉದ್ಯೋಗದ ದೀರ್ಘಕಾಲದ ಒತ್ತಡದ ಫಲವೆಂದು ವಿವರಿಸಿತು. ಹಾಗಿರುವಾಗ ಆಕೆಗೆ ತಾಳ್ಮೆಯ ಉಪದೇಶವಷ್ಟೇ ಸಾಲದು. ಆ ಬಿಡುವನ್ನು ಆಕೆ ಕೇಳಲಿ. ದೊರೆಯದಿದ್ದರೆ ಕೆಲಸ ಬಿಡುವುದು ಸೋಲಲ್ಲ. ಸಾಲದ ಕಂತೂ ತಮ್ಮನ ಶಾಲಾಶುಲ್ಕವೂ ಆಕೆಯ ಸಂಬಳವನ್ನೇ ನೆಚ್ಚಿರುವ ಮನೆಗಳಲ್ಲಿ ಇದು ಸುಲಭದ ಮಾತಲ್ಲ, ಬಲ್ಲೆವು. ಸಂಬಳವಿಲ್ಲದ ಆ ಒಂದೆರಡು ತಿಂಗಳ ಲೆಕ್ಕವನ್ನು ಆಕೆಯೊಬ್ಬಳೇ ಹಾಕುವಂತಾಗಬಾರದು.