ಬಣ್ಣದ ಆಲೂಗಡ್ಡೆಯನ್ನು ನಮ್ಮ ಹೊಲದಲ್ಲೇ ತೂಗಿ ನೋಡೋಣ

ಹಾಸನ ಸೀಮೆಯ ಆಲೂಗಡ್ಡೆ ಬೆಳೆಗಾರರೇ, ಕೊಂಡು ತಿನ್ನುವ ಗ್ರಾಹಕರೇ,

ಕಪ್ಪು-ನೇರಳೆ ಸಿಪ್ಪೆಯ ಕುಫ್ರಿ ನೀಲಕಂಠ, ತಿರುಳೂ ನೇರಳೆಯಾಗಿರುವ ಕುಫ್ರಿ ಜಮುನಿಯಾ ತಳಿಗಳ ಹೆಸರು ಕೇಳಿರುತ್ತೀರಿ. ಈ ಗಡ್ಡೆಗಳಿಗೆ ನೇರಳೆ ಬಣ್ಣ ಕೊಡುವುದು ಆಂಥೋಸಯನಿನ್. ಹಳದಿ ತಿರುಳಿನ ಬಣ್ಣ ಕ್ಯಾರೊಟಿನಾಯ್ಡ್‌ಗಳದ್ದು. ಬಿಳಿ ಗಡ್ಡೆಯಲ್ಲಿ ಇವು ತೀರ ಕಡಿಮೆ. ದಿನವೂ ತಿನ್ನುವ ತರಕಾರಿಯಲ್ಲೇ ಪೋಷಕಾಂಶ ಹೆಚ್ಚುವುದಾದರೆ ಯಾರಿಗೆ ಬೇಡ?

ಆದರೆ ಬೀಜಕ್ಕೆ ದುಡ್ಡು ಸುರಿಯುವ ಮುನ್ನ ಒಂದು ಮಾತು. ಈ ತಳಿಗಳು ಗೆದ್ದ ಉತ್ತರ ಭಾರತದ ಬಯಲಿನಲ್ಲಿ ಆಲೂಗಡ್ಡೆ ಚಳಿಗಾಲದ ನೀರಾವರಿ ಬೆಳೆ. ನಮ್ಮಲ್ಲಿ ಅದು ಮುಂಗಾರು ನಂಬಿದ ಬೆಳೆ. ಹಗಲು ಉದ್ದ, ಮೋಡ ದಟ್ಟ, ಗಾಳಿಯಲ್ಲಿ ತೇವ. ಅಂಗಮಾರಿ ರೋಗಕ್ಕೆ ಇದಕ್ಕಿಂತ ಹದವಾದ ಕಾಲ ಬೇರಿಲ್ಲ. ಅಲ್ಲಿ ಗೆದ್ದ ತಳಿ ಇಲ್ಲೂ ಗೆಲ್ಲುತ್ತದೆ ಎನ್ನಲು ಆಧಾರ ಬೇಕು. ಬಿತ್ತನೆ ಗಡ್ಡೆಯೇ ಖರ್ಚಿನ ದೊಡ್ಡ ಪಾಲು ನುಂಗುವ ಬೆಳೆಯಿದು. ಕೈಸುಟ್ಟುಕೊಂಡರೆ ಸುಧಾರಿಸಲು ವರ್ಷಗಳೇ ಬೇಕು.

ಆದ್ದರಿಂದ ರೈತರಲ್ಲಿ ನಮ್ಮ ಮನವಿ: ಎಕರೆಗಟ್ಟಲೆ ಹಾಕಬೇಡಿ, ಒಂದೆರಡು ಗುಂಟೆ ಕೊಡಿ. ಪಕ್ಕದಲ್ಲೇ, ಅದೇ ದಿನ, ಅಷ್ಟೇ ಗೊಬ್ಬರ ಹಾಕಿ, 1968ರಿಂದ ಬಳಕೆಯಲ್ಲಿರುವ ಕುಫ್ರಿ ಜ್ಯೋತಿಯನ್ನೂ ನೆಡಿ. ಹೊಲದ ಒಂದೇ ಮೂಲೆಯಲ್ಲಿ ಬೇಡ, ಮೂರು ಕಡೆ ಇರಲಿ. ಅಂಚಿನ ಸಾಲುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಲೆಯ ಮೇಲೆ ಅಂಗಮಾರಿಯ ಮಚ್ಚೆ ಮೊದಲು ಯಾವಾಗ ಕಂಡಿತು, ಎಷ್ಟು ಸಲ ಔಷಧಿ ಹೊಡೆದಿರಿ ಎಂಬುದನ್ನು ಬರೆದಿಡಿ. ಕಿತ್ತ ಮೇಲೆ ದಪ್ಪ ಗಡ್ಡೆ, ಗೋಲಿ ಗಡ್ಡೆ, ಹಸಿರಾದದ್ದು, ಕೊಳೆತದ್ದು ಎಲ್ಲವನ್ನೂ ಬೇರೆಬೇರೆಯಾಗಿ ತೂಗಿ. ಕಾಸು ತರುವುದು ಮಂಡಿಯಲ್ಲಿ ಹೋಗುವ ಮಾಲು ಮಾತ್ರ. ಒಂದು ಮುಂಗಾರಿನ ಫಲಿತಾಂಶ ನೆಚ್ಚಿಕೊಳ್ಳಬೇಡಿ. ಕನಿಷ್ಠ ಎರಡು ಹಂಗಾಮು ನೋಡಿ.

ಇಳುವರಿ ಸಿಕ್ಕರೂ ಪರೀಕ್ಷೆ ಮುಗಿಯುವುದಿಲ್ಲ. ಗೃಹಿಣಿಯರು, ಹೋಟೆಲಿನವರು ಇದರ ಸಾಗು, ಪಲ್ಯ, ಬೋಂಡ ಮಾಡಿ ನೋಡಬೇಕು. ಬೆಂದಾಗ ಕರಗುತ್ತದೋ ಗಟ್ಟಿ ನಿಲ್ಲುತ್ತದೋ, ಪಲ್ಯದ ಬಣ್ಣ ಮನೆಯವರಿಗೆ ಒಪ್ಪುತ್ತದೋ ಇಲ್ಲವೋ ಮುಚ್ಚುಮರೆಯಿಲ್ಲದೆ ಹೇಳಿ. ಆಂಥೋಸಯನಿನ್ ನೀರಿನಲ್ಲಿ ಕರಗುವಂಥದ್ದು. ನೀಲಕಂಠದಲ್ಲಿ ನೇರಳೆ ಇರುವುದು ಸಿಪ್ಪೆಯಲ್ಲಿ, ತಿರುಳು ಹಳದಿ. ಸಿಪ್ಪೆ ಹೆರೆದು, ಬೇಯಿಸಿದ ನೀರು ಬಸಿದರೆ ಹೆಚ್ಚಿನ ಬೆಲೆ ಕೊಟ್ಟು ತಂದ ನೇರಳೆ ಮೋರಿಗೆ ಹೋಗುತ್ತದೆ. ಚೆನ್ನಾಗಿ ತೊಳೆದು ಸಿಪ್ಪೆಸಹಿತ ಬೇಯಿಸಿ. ಇದು ಸಕ್ಕರೆ ಕಾಯಿಲೆಗೆ ಮದ್ದು ಎಂದು ಮಾರುವವರನ್ನು ನಂಬಬೇಡಿ. ಬಣ್ಣ ಯಾವುದಾದರೂ ಆಲೂಗಡ್ಡೆಯ ಪಿಷ್ಟ ಪಿಷ್ಟವೇ.

ತೋಟಗಾರಿಕೆ ಇಲಾಖೆ ಮತ್ತು ವಿಶ್ವವಿದ್ಯಾಲಯದವರಲ್ಲೂ ಕೇಳಿಕೆಯಿದೆ. ರೋಗಮುಕ್ತ ಬಿತ್ತನೆ ಗಡ್ಡೆ ಅಥವಾ ಸಸಿಯನ್ನು ಪ್ರಯೋಗಕ್ಕೆ ಒದಗಿಸಿ. ಗಡ್ಡೆಯ ಒಣ ಅಂಶ, ಸಕ್ಕರೆ, ಆಂಥೋಸಯನಿನ್ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಅಳೆಯಿರಿ. ಹಸಿಯದನ್ನಷ್ಟೇ ಅಲ್ಲ, ಬೇಯಿಸಿದ್ದನ್ನೂ. ಸೋತ ತಳಿಯ ಅಂಕಿಗಳನ್ನೂ ಸೇರಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಿ.

ಮೇ ತಿಂಗಳ ಬಿತ್ತನೆ ಶುರುವಾಗುವ ಮೊದಲೇ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಹೋಗಿ, ಪ್ರಯೋಗಕ್ಕೆ ಜಾಗ ಕೊಡುತ್ತೇನೆಂದು ಹೆಸರು ಬರೆಸಿ. ಊರಿಗೆ ನಾಲ್ಕು ಜನ ಮುಂದೆ ಬಂದರೆ, ಈ ತಳಿಗಳು ನಮಗೆ ಆಗಿಬರುತ್ತವೋ ಇಲ್ಲವೋ ಎಂಬುದನ್ನು ವ್ಯಾಪಾರಿಯ ಬಾಯಿಂದ ಕೇಳಬೇಕಾಗಿಲ್ಲ.