ಗಾಡಿಯ ನಡುಕ: ಎಂಜಿನ್ ಬಿಚ್ಚುವ ಮೊದಲು ಗಾಲಿ ನೋಡಿರಿ

ಮಳೆಗಾಲ ಹಿಡಿಯಿತೆಂದರೆ ನಮ್ಮ ಬೆಳೆಗಾರ ಬಾಂಧವರ ಮಾತಿನಲ್ಲಿ ಕೊಳೆರೋಗದ ಜೊತೆಗೆ ಇನ್ನೊಂದು ದೂರು ಸೇರಿಕೊಳ್ಳುತ್ತದೆ: "ಗಾಡಿ ಭಾಳ ನಡಗಾಕ ಹತ್ತೈತ್ರಿ." ಕಲಘಟಗಿ ಕಡೆ ಅಡಿಕೆ ಗಿಡ ಹಚ್ಚಿದವರೂ ಇದನ್ನೇ ಹೇಳುತ್ತಾರೆ, ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆ ಎರಿ ಹೊಲ ಉಳ್ಳವರೂ ಇದನ್ನೇ ಹೇಳುತ್ತಾರೆ. ಹೇಳಿದವರಲ್ಲಿ ಕೆಲವರು ಮರುವಾರ ಎಂಜಿನ್ ಬಿಚ್ಚಿಸಿ ಸಾವಿರಾರು ರೂಪಾಯಿ ತೆತ್ತು ಬರುತ್ತಾರೆ. ನಡುಕ ಮಾತ್ರ ಇದ್ದಲ್ಲಿಯೇ ಇರುತ್ತದೆ. ಈ ಖರ್ಚಿನಲ್ಲಿ ಹೆಚ್ಚಿನದು ಅನಾವಶ್ಯಕವೆಂದು ನಮಗೆ ಅನಿಸುತ್ತದೆ.

ಹಿಂದೆ ತೋಟದವರ ಬಳಿ ಬುಲೆಟ್, ರಾಜದೂತ್ ಅಥವಾ ಮೈಸೂರಿನ ಯೆಜ್ದಿ ಇರುತ್ತಿದ್ದವು. ಯೆಜ್ದಿ ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಡಾಂಬರಿಗೂ ಕಚ್ಚಾ ರಸ್ತೆಗೂ ಆಗುವ ಎತ್ತರದ ಬೈಕುಗಳು ಬಂದಿವೆ: 2016ರಲ್ಲಿ ಹಿಮಾಲಯನ್, 2019ರಲ್ಲಿ ಎಕ್ಸ್‌ಪಲ್ಸ್. ಇವುಗಳ ಮುಂದಿನ ಗಾಲಿ 21 ಇಂಚಿನ ಕಡ್ಡಿ ಗಾಲಿ. ತಗ್ಗು ದಿನ್ನೆ ದಾಟಲು ದೊಡ್ಡ ಗಾಲಿ ಒಳ್ಳೆಯದೇ. ಆದರೆ ಅದರ ತೂಕ ಒಂದು ಮಗ್ಗುಲಿಗೆ ಹೆಚ್ಚಾದರೆ ಉಪದ್ರವ ತಪ್ಪದು.

ಎಂಜಿನ್ನಿನ ನಡುಕ ಬೇರೆ, ಗಾಲಿಯ ನಡುಕ ಬೇರೆ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಸೆಕೆಂಡಿಗೆ 80ಕ್ಕೂ ಹೆಚ್ಚು ಸುತ್ತಾಯಿತು. ಅದು ಹ್ಯಾಂಡಲ್ಲಿನಲ್ಲಿ ಜುಮ್ಮೆನ್ನುತ್ತದೆ, ಬೆರಳು ಜೋಮು ಹಿಡಿಯುತ್ತದೆ. 21 ಇಂಚಿನ ಗಾಲಿ 60 ಕಿಲೋಮೀಟರ್ ವೇಗದಲ್ಲಿ ತಿರುಗುವುದು ಸೆಕೆಂಡಿಗೆ ಎಂಟು ಸುತ್ತಿಗೂ ಕಡಿಮೆ. ಅದು ಜುಮ್ಮೆನ್ನುವುದಿಲ್ಲ, ಕುಪ್ಪಳಿಸುತ್ತದೆ. ಪರೀಕ್ಷೆಯೂ ಸುಲಭ. ವಾಹನವಿಲ್ಲದ ನೇರ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡಿರಿ. ನಡುಕ ನಿಂತರೆ ಎಂಜಿನ್, ಚೈನು ಮತ್ತು ಎಂಜಿನ್ ಕೂಡಿಸಿದ ಬೋಲ್ಟುಗಳ ಕಡೆ ನೋಡಿರಿ. ನಿಲ್ಲದಿದ್ದರೆ ದೋಷ ಗಾಲಿಯ ಕಡೆಗಿದೆ; ಎಂಜಿನ್ ಮುಟ್ಟಬೇಡಿರಿ.

ನಮ್ಮ ಜಿಲ್ಲೆಯಲ್ಲಿ ಗಾಲಿ ಕೆಡಿಸುವ ಮುಖ್ಯ ಅಪರಾಧಿ ಎರಿ ಮಣ್ಣು. ಬೆಣ್ಣಿಹಳ್ಳದ ಆಸುಪಾಸಿನಲ್ಲಿ ಹಸಿ ಎರಿಯೊಳಗೆ ಹೋದವರಿಗೆ ಅದು ಹೇಗೆ ಹತ್ತುತ್ತದೆಂದು ಹೇಳಬೇಕಾಗಿಲ್ಲ. ಚಕ್ಕಡಿ ಹೊಡೆಯುವವರು ನಡುನಡುವೆ ನಿಲ್ಲಿಸಿ ಗಾಲಿಯ ಮಣ್ಣು ಕೆರೆಯುತ್ತಿದ್ದರು. ಬೈಕಿನವರು ಮನೆಗೆ ಬಂದು ಸ್ಟ್ಯಾಂಡ್ ಹಾಕಿ ಮಲಗುತ್ತಾರೆ. ರಾತ್ರಿ ರಿಮ್ಮಿನ ಒಳಬದಿಯ ಹಸಿ ಮಣ್ಣು ಕೆಳಕ್ಕೆ ಜಾರಿ ಒಂದೇ ಕಡೆ ಕೂಡುತ್ತದೆ. ಒಣಗಿದರೆ ಇಟ್ಟಿಗೆಯಂತೆ ಗಟ್ಟಿ. ಕಲಘಟಗಿಯ ಕೆಂಪು ಮಣ್ಣು ಇಷ್ಟು ಹಟಮಾರಿಯಲ್ಲ, ಆದರೆ ಅಲ್ಲಿಯ ಕಲ್ಲು ರಿಮ್ ಬೆಂಡು ಮಾಡುತ್ತದೆ.

ಐವತ್ತು ಗ್ರಾಂ ಮಣ್ಣು ಏನು ಮಹಾ ಎನ್ನಬಹುದು. ಲೆಕ್ಕ ಹಾಕಿ ನೋಡೋಣ. 21 ಇಂಚಿನ ರಿಮ್ಮಿನ ಅಂಚಿಗೆ ಅಂಟಿದ 50 ಗ್ರಾಂ, 30 ಕಿಲೋಮೀಟರ್ ವೇಗದಲ್ಲಿ ಮುಕ್ಕಾಲು ಕಿಲೋ ತೂಕದಷ್ಟು ಜೋರಿನಿಂದ ಗಾಲಿಯನ್ನು ಹೊರಕ್ಕೆ ಎಳೆಯುತ್ತದೆ. 60ರಲ್ಲಿ ಅದು ಮೂರು ಕಿಲೋ. 80ರಲ್ಲಿ ಐದೂವರೆ ಕಿಲೋ, ಅದೂ ಸೆಕೆಂಡಿಗೆ ಹತ್ತು ಸಲ, ಮೇಲೆ ಕೆಳಗೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುವುದರಿಂದಲೇ ಊರೊಳಗೆ ಕಾಣದ ನಡುಕ ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಗೆ ಬಂದೊಡನೆ ಕಾಣುತ್ತದೆ. ಹಿಂದೆ ಮೈಲುತುತ್ತ, ಸುಣ್ಣದ ಚೀಲ ಕಟ್ಟಿಕೊಂಡು ಹೊರಟವನ ಮುಂದಿನ ಗಾಲಿ ಹೀಗೆ ಕುಪ್ಪಳಿಸಿದರೆ ಹಸಿ ಡಾಂಬರಿನ ಮೇಲೆ ಅದರ ಹಿಡಿತವೆಷ್ಟು?

ಆದುದರಿಂದ ಮೊದಲು ತೊಳೆಯಿರಿ, ರಿಮ್ಮಿನ ಒಳಬದಿಯನ್ನು ಬ್ರಷ್ಷಿನಿಂದ. ಕೆಸರಿಗೆಂದು ಇಳಿಸಿದ ಗಾಳಿಯನ್ನು ಮರಳಿ ತುಂಬಿರಿ. ಇದನ್ನು ಮರೆಯುವವರೇ ಹೆಚ್ಚು. ಟಯರಿನ ಅಂಚಿನ ಗೆರೆ ರಿಮ್ಮಿನ ಸುತ್ತ ಒಂದೇ ಅಂತರದಲ್ಲಿರಬೇಕು, ಇಲ್ಲದಿದ್ದರೆ ಪಂಕ್ಚರ್ ಹಾಕಿದವನು ಸರಿಯಾಗಿ ಕೂಡಿಸಿಲ್ಲ. ಹೊಸ ಟಯರಿಗೆ ಹಳದಿ ಚುಕ್ಕೆಯಿದ್ದರೆ ಅದು ಹಗುರಾದ ಜಾಗದ ಗುರುತು, ವಾಲ್ವಿನ ಎದುರಿಗೆ ಬರಬೇಕು. ಕಡ್ಡಿಗಳನ್ನು ಸ್ಪ್ಯಾನರಿನಿಂದ ಮೆಲ್ಲಗೆ ಬಡಿದು ಕೇಳಿರಿ. ಸಡಿಲಾದ ಕಡ್ಡಿ ಡಬ್ ಎನ್ನುತ್ತದೆ. ಗಾಲಿ ಎರಡು ಮಿಲಿಮೀಟರಿಗಿಂತ ಹೆಚ್ಚು ಓಲಾಡಿದರೆ ಬಲ್ಲವರಿಂದ ಔಟ್ ತೆಗೆಸಿರಿ. ಬೇರಿಂಗ್, ಕೋನ್ ಸೆಟ್ ಸಡಿಲವಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಇಷ್ಟಾದ ಮೇಲೆ ತೂಕ ಸರಿ ಮಾಡುವುದು. ಗಾಲಿ ಬಿಚ್ಚಿ, ಅಚ್ಚನ್ನು ಸಮನಾದ ಎರಡು ದಿಮ್ಮಿಗಳ ಮೇಲಿಟ್ಟು ತಾನಾಗಿ ತಿರುಗಲು ಬಿಡಿರಿ. ಭಾರದ ಮಗ್ಗುಲು ಕೆಳಗೆ ಬಂದು ನಿಲ್ಲುತ್ತದೆ. ಮೇಲ್ತುದಿಗೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿಯ ಕಡ್ಡಿಗೆ ಸೀಸದ ತೂಕ ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಹೋಗಿರಿ. ಹೇಗೆ ತಿರುಗಿಸಿ ಬಿಟ್ಟರೂ ಬಿಟ್ಟಲ್ಲೇ ನಿಂತರೆ ಕೆಲಸವಾಯಿತು. ತಕ್ಕಡಿ ಹಿಡಿದು ಬಲ್ಲವರಿಗೆ ಇದರಲ್ಲಿ ಕಲಿಯುವುದೇನಿಲ್ಲ.

ಊರಿನ ಅಂಗಡಿಗಳಲ್ಲಿ ಈ ಕೆಲಸ ಯಾರೂ ಮಾಡುವುದಿಲ್ಲ, ಏಕೆಂದರೆ ಯಾರೂ ಕೇಳುವುದಿಲ್ಲ. ಹುಬ್ಬಳ್ಳಿಯ ಕಾರು ಟಯರಿನ ಅಂಗಡಿಗಳಲ್ಲಿರುವ ಯಂತ್ರಕ್ಕೆ ಬೈಕಿನ ಗಾಲಿ ಕೂಡಿಸಲು ಬೇರೆ ಸಾಮಾನು ಬೇಕು. ಹೀಗಿರುವಾಗ ನಮ್ಮ ಸಹಕಾರಿ ಗೋದಾಮಿನಲ್ಲಿ ಗಾಲಿ ನೋಡುವ ಒಂದು ಸ್ಟ್ಯಾಂಡ್, ಕಡ್ಡಿ ಸ್ಪ್ಯಾನರ್, ಒಂದು ಪೆಟ್ಟಿಗೆ ಸೀಸದ ತೂಕ ಇಡಬೇಕೆಂಬುದು ನಮ್ಮ ಸೂಚನೆ. ಸ್ಟ್ಯಾಂಡನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಗಾಲಿ ನೋಡುವುದು ಸಹಕಾರ ಸಂಘದ ಕೆಲಸವೇ ಎಂದು ಕೇಳುವವರಿದ್ದಾರೆ. ಸಿಂಪರಣೆ ಪಂಪು ಬಾಡಿಗೆಗೆ ಕೊಡುವುದು ಸಂಘದ ಕೆಲಸವಾದರೆ, ಆ ಪಂಪನ್ನು ತೋಟಕ್ಕೆ ಮುಟ್ಟಿಸುವ ಗಾಡಿಯ ಕ್ಷೇಮ ಏಕಲ್ಲ?

ಕೈಯ ವಿಚಾರವನ್ನೂ ಹೇಳಬೇಕು. ಹಗಲೆಲ್ಲ ಕಳೆ ಕೊಚ್ಚುವ ಯಂತ್ರ ಹಿಡಿದವನ ಕೈ ಮೊದಲೇ ದಣಿದಿರುತ್ತದೆ. ನಡುಕದ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದವರ ಬೆರಳಿನ ನರ, ರಕ್ತನಾಳ ಕೆಡುತ್ತವೆಂದು ತಿಳಿದೇ ಯುರೋಪಿನ ದೇಶಗಳು 2002ರಲ್ಲಿ ಕೆಲಸಗಾರರ ಕೈಗೆ ತಾಗುವ ನಡುಕಕ್ಕೆ ಕಾಯಿದೆಯ ಮಿತಿ ಹಾಕಿದವು. ಅಂಥ ಕೈಗೆ ಮನೆಗೆ ಬರುವ ದಾರಿಯಲ್ಲಿ ಎಂಜಿನ್ನಿನ ಜುಮ್ಮು ಬೇರೆ. ಅದಕ್ಕೆ ಎಂಜಿನ್ ಬೋಲ್ಟು ಬಿಗಿಸುವುದು, ಚೈನು ಹದಕ್ಕೆ ತರುವುದು, ಹ್ಯಾಂಡಲ್ಲಿನ ತುದಿಗೆ ಭಾರದ ಗುಂಡು ಹಾಕುವುದು, ಇವು ಅಗ್ಗದ ಉಪಾಯಗಳು. ಬೆರಳು ಬೆಳ್ಳಗಾಗುತ್ತಿದ್ದರೆ ಮೆಕ್ಯಾನಿಕನಲ್ಲಿಗಲ್ಲ, ವೈದ್ಯರಲ್ಲಿಗೆ ಹೋಗಬೇಕು.

ಸ್ಟ್ಯಾಂಡಿನ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎತ್ತಲಿದ್ದೇವೆ. ಅಲ್ಲಿಯವರೆಗೆ, ಮಳೆಯಲ್ಲಿ ಹೊಲಕ್ಕೆ ಹೋಗಿ ಬಂದ ದಿನ ಎರಡು ಕೊಡ ನೀರು ಗಾಲಿಗೆ ಸುರಿಯಿರಿ, ಮಣ್ಣು ಹಸಿಯಿದ್ದಾಗಲೇ.